ಮಿಕ್ಸರ್ ಹಾಡಿಗೂ ಮೈದಾನದ ಹಾಡಿಗೂ ತಾಳ ಯಾಕೆ ಕೂಡಲ್ಲ?

ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ಒಂದು ಆರ್ಕೆಸ್ಟ್ರಾ ಆಯ್ತು ಅಂದುಕೊಳ್ಳಿ. ಅದನ್ನು ಎರಡು ಥರ ರೆಕಾರ್ಡ್ ಮಾಡಬಹುದು. ಒಂದು, ಎಲ್ಲ ಮೈಕ್‌ಗಳ ದನಿಯನ್ನು ಒಟ್ಟುಗೂಡಿಸುವ, ಸೌಂಡ್ ಸಿಸ್ಟಂನವರ ಮಿಕ್ಸರ್‌ನಿಂದ ನೇರ ವೈರ್ ಎಳೆದು. ಇನ್ನೊಂದು, ಜನರ ನಡುವೆ ಮೈಕ್ ಇಟ್ಟು. ಮಿಕ್ಸರ್‌ನದ್ದರಲ್ಲಿ ಗಾಯಕರ ಉಸಿರೂ ಕೇಳುತ್ತದೆ, ಆದರೆ ಶಿಳ್ಳೆ, ಚಪ್ಪಾಳೆ ಇರೋದಿಲ್ಲ. ಡೊಳ್ಳಿನವರು ಬಂದರಂತೂ ಫಜೀತಿ. ಅಷ್ಟು ಜೋರು ವಾದ್ಯಕ್ಕೆ ಬೇರೆ ಮೈಕ್ ಇಡದಿದ್ದರೆ, ಮೈದಾನ ನಡುಗಿಸಿದ ಡೊಳ್ಳು ಈ ರೆಕಾರ್ಡಿಂಗಿನಲ್ಲಿ ಪಕ್ಕದ ಬೀದಿಯಲ್ಲಿ ಬಾರಿಸಿದ ಹಾಗಿರುತ್ತದೆ.

ಎರಡನ್ನೂ ಬೆರೆಸಿದರಾಯ್ತು, ಅಲ್ವಾ? ಅಲ್ಲೇ ಗೋಳು ಶುರು. ವೈರ್‌ನಲ್ಲಿ ಹಾಡು ತಕ್ಷಣ ಬರುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಮಾತ್ರ ಹೋಗುತ್ತದೆ. ಸ್ಪೀಕರ್ ಬಾಕ್ಸ್‌ನಿಂದ 30 ಮೀಟರ್ ದೂರದ ಮೈಕ್ ಮುಟ್ಟಲು 87 ಮಿಲಿಸೆಕೆಂಡ್ ಬೇಕು. ಅಂತರ ಸುಮಾರು 30–40 ಮಿಲಿಸೆಕೆಂಡ್ ಒಳಗಿದ್ದರೆ ಕಿವಿ ಎರಡನ್ನೂ ಒಂದೇ ದನಿ ಅಂದುಕೊಳ್ಳುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮುಟ್ ಹಾಸ್ 1949ರಲ್ಲೇ ಇದನ್ನು ಅಳೆದು ತೋರಿಸಿದ. 87 ಆದರೆ ಪ್ರತಿ ಅಕ್ಷರವೂ ಎರಡೆರಡು ಸಲ ಕೇಳುತ್ತದೆ. ಹಾಗಂತ ಅಂತರ 1 ಮಿಲಿಸೆಕೆಂಡಿಗೆ ಇಳಿದರೂ ಗೆದ್ದ ಹಾಗಲ್ಲ. ಆಗ 500, 1500 ಹರ್ಟ್ಸ್‌ನಂಥ (ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ) ಸ್ವರಗಳ ಕಡೆ ಎರಡೂ ಅಲೆ ಒಂದನ್ನೊಂದು ತಿಂದುಹಾಕಿ ದನಿ ಟೊಳ್ಳಾಗುತ್ತದೆ.

ಹೀಗೆ ಕಾರ್ಯಕ್ರಮ ರೆಕಾರ್ಡ್ ಮಾಡುವ ಹುಚ್ಚು ಹೆಚ್ಚಾಗಿ ಬೆಳೆದದ್ದು ಅಮೆರಿಕದಲ್ಲಿ. ಗ್ರೇಟ್‌ಫುಲ್ ಡೆಡ್ ಬ್ಯಾಂಡ್ ತನ್ನ ಅಭಿಮಾನಿಗಳಿಗೆ ರೆಕಾರ್ಡ್ ಮಾಡಲು ಬಿಡುತ್ತಿತ್ತು. 1984ರ ಅಕ್ಟೋಬರ್‌ನಿಂದ ಅವರಿಗೇ ಪ್ರತ್ಯೇಕ ಜಾಗವನ್ನೂ ಕೊಟ್ಟಿತು. ಮಿಕ್ಸರ್ ದನಿ, ಜನರ ನಡುವಿನ ದನಿ ಎರಡೂ ಸೇರಿದ ರೆಕಾರ್ಡಿಂಗಿಗೆ ಈ ಅಭಿಮಾನಿಗಳು ಮ್ಯಾಟ್ರಿಕ್ಸ್ ಅಂದರು.

ಟೇಪ್ ಕಾಲದಲ್ಲಿ ಆ ಬೆರಕೆ ಸ್ಥಳದಲ್ಲೇ ಆಗಬೇಕಿತ್ತು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು ಅನ್ನೋದು ಕಾಗದದ ಮೇಲಿನ ಮಾತು. ಸೆಲ್ ವೀಕಾದರೆ ರೆಕಾರ್ಡ್ ಮಾಡುವಾಗ ಟೇಪ್ ನಿಧಾನ ಓಡುತ್ತದೆ. ಮನೆಗೆ ಬಂದು ಹೊಸ ಸೆಲ್ ಹಾಕಿ ಕೇಳಿದರೆ ಗಾಯಕರ ದನಿ ಕೀರಲು! ಎರಡು ಮಷಿನ್‌ಗಳ ವೇಗದಲ್ಲಿ ಶೇ 1ರಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಗೆ 36 ಸೆಕೆಂಡ್ ಎಡವಟ್ಟು.

1987ರಲ್ಲಿ ಡ್ಯಾಟ್, ಅಂದರೆ ಡಿಜಿಟಲ್ ಟೇಪ್ ಬಂತು. ಕಾಟ ಕಮ್ಮಿಯಾಯ್ತು, ಆದರೆ ತಪ್ಪಲಿಲ್ಲ. ಇದು ದನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತದೆ. ಆ ಲೆಕ್ಕಕ್ಕೆ ಗಡಿಯಾರದಂತೆ ಕೆಲಸ ಮಾಡುವ ಹರಳು ಒಂದೊಂದು ಮಷಿನ್‌ನಲ್ಲಿ ಒಂದೊಂದು ಚೂರು ಬೇರೆ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಅಂದರೆ ಗಂಟೆಗೆ 72 ಮಿಲಿಸೆಕೆಂಡ್. ಮೊದಲ ಹಾಡು ಸರಿಯಾಗಿ ಕೂಡಿರುತ್ತದೆ, ಮೂರನೇ ಗಂಟೆಯಲ್ಲಿ ತಾಳವೇ ಎರಡು. ಇದರ ಮೇಲೆ ಹವೆ ಬೇರೆ. ಸಂಜೆ 30 ಡಿಗ್ರಿ ಇದ್ದದ್ದು ರಾತ್ರಿ 20ಕ್ಕೆ ಇಳಿದರೆ ಅದೇ 30 ಮೀಟರ್ ದಾಟಲು ಶಬ್ದಕ್ಕೆ ಒಂದೂವರೆ ಮಿಲಿಸೆಕೆಂಡ್ ಜಾಸ್ತಿ ಬೇಕು.

ಈಗ ಕಂಪ್ಯೂಟರ್‌ನಲ್ಲಿ ಒಂದು ರೆಕಾರ್ಡಿಂಗನ್ನು ಹಿಂದೆ ಸರಿಸಬಹುದು, ಚೂರು ಎಳೆಯಲೂಬಹುದು. ತಾನೇ ಹೊಂದಿಸಿಕೊಡುವ ಸಾಫ್ಟ್‌ವೇರ್‌ಗಳೂ ಇವೆ. ಸುಮ್ನೆ ಅವನ್ನೇ ನಂಬಬೇಡಿ, ಚಪ್ಪಾಳೆ ಜಾಸ್ತಿ ಇರುವ ಕಡೆ ಅವೂ ಎಡವುತ್ತವೆ. ಎರಡರಲ್ಲೂ ಕೇಳುವ ಡೊಳ್ಳಿನ ಒಂದು ಪೆಟ್ಟನ್ನು ಶುರುವಿನಲ್ಲಿ ಹುಡುಕಿ ಕೂಡಿಸಿ. ಕೊನೆಯಲ್ಲಿ ಇನ್ನೊಂದು ಪೆಟ್ಟು ಎಷ್ಟು ಜಾರಿದೆ ನೋಡಿ, ಅಷ್ಟು ಎಳೆಯಿರಿ. ಆಮೇಲೆ ನಡುವಿನ ಒಂದು ಹಾಡನ್ನು ಹೆಡ್‌ಫೋನ್‌ನಲ್ಲಿ ಕೇಳಿ.