ಸಂತ ಮಾರ್ಕರ ಬಸಿಲಿಕಾದ ಹೊಸ್ತಿಲಿಗೆ ಸಮುದ್ರ ಬಂದ ಬಗೆ

ವೆನಿಸ್ ನಗರವನ್ನು ಉಬ್ಬರದಿಂದ ಕಾಪಾಡಲು 500 ಕೋಟಿ ಯೂರೋಗೂ ಹೆಚ್ಚು ಹಣ ಸುರಿದು ಸಮುದ್ರದ ಬಾಯಲ್ಲೇ ತಡೆಗೇಟುಗಳನ್ನು ಕಟ್ಟಲಾಗಿದೆ. 2020ರ ಅಕ್ಟೋಬರ್‌ನಿಂದ ಅವು ಕೆಲಸವನ್ನೂ ಮಾಡುತ್ತಿವೆ. ಹೀಗಿದ್ದೂ ನಗರದ ಪ್ರಧಾನಾಲಯವಾದ, ಅಂದರೆ ಬಿಷಪರ ಪೀಠವಿರುವ ಮುಖ್ಯ ಇಗರ್ಜಿಯಾದ, ಸಂತ ಮಾರ್ಕರ ಬಸಿಲಿಕಾದ ಮುಂದೆ 2022ರಲ್ಲಿ ಬೇರೆಯದೇ ಒಂದು ಗಾಜಿನ ಗೋಡೆಯನ್ನು ನಿಲ್ಲಿಸಬೇಕಾಗಿ ಬಂತು. ಇಷ್ಟು ದೊಡ್ಡ ಯೋಜನೆಗೆ ಈ ಕಟ್ಟಡವನ್ನು ಕಾಪಾಡಲು ಏಕಾಗಲಿಲ್ಲ ಎಂದು ಕೇಳುವವರಿಗೆ ಉತ್ತರವು ಕೆಲವೇ ಸೆಂಟಿಮೀಟರುಗಳ ಲೆಕ್ಕದಲ್ಲಿ ಸಿಗುತ್ತದೆ. ಆ ಲೆಕ್ಕ ಯಾವತ್ತೂ ಗುಟ್ಟಾಗಿರಲಿಲ್ಲ.

ಸಂತ ಮಾರ್ಕರ ಪವಿತ್ರ ಅವಶೇಷಗಳನ್ನು 828ರಲ್ಲಿ ಅಲೆಕ್ಸಾಂಡ್ರಿಯಾದಿಂದ ತಂದ ಮೇಲೆ ಇಲ್ಲಿ ಮೊದಲ ಇಗರ್ಜಿ ಎದ್ದಿತು; 976ರ ದಂಗೆಯಲ್ಲಿ ಅದಕ್ಕೆ ಬೆಂಕಿ ಬಿತ್ತು; ಈಗಿನ ಕಟ್ಟಡದ ಕೆಲಸ 1063ರಲ್ಲಿ ಆರಂಭವಾಗಿ 1094ರಲ್ಲಿ ಪ್ರತಿಷ್ಠೆಯಾಯಿತು. ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಪವಿತ್ರ ಅಪೊಸ್ತಲರ ಇಗರ್ಜಿಯ ಮಾದರಿಯಲ್ಲಿ, ಸಮಬಾಹುಗಳ ಶಿಲುಬೆಯಾಕಾರದ ತಳವಿನ್ಯಾಸದ ಮೇಲೆ ಐದು ಗುಮ್ಮಟಗಳನ್ನು ಹೊತ್ತು ನಿಂತ ಇದು 1797ರವರೆಗೂ ವೆನಿಸ್ ಗಣರಾಜ್ಯದ ಮುಖ್ಯಸ್ಥ ಡೋಜ್‌ನ ಸ್ವಂತ ಪ್ರಾರ್ಥನಾಲಯವಾಗಿತ್ತು. ಪ್ರಧಾನಾಲಯದ ಪಟ್ಟ ಸಿಕ್ಕಿದ್ದು 1807ರಲ್ಲಿ. ಮಿರುಗುವ ಹೊರಮೈಯನ್ನು ನೋಡಿದವರು ಇದನ್ನು ಅಮೃತಶಿಲೆಯ ಕಟ್ಟಡ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಇದು ಇಟ್ಟಿಗೆಯ ಕಟ್ಟಡ. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಸೂರೆಯಾದ ಬಳಿಕ ಅಲ್ಲಿಂದ ಬಂದ ಕಂಬಗಳು ಮತ್ತು ಶಿಲಾಫಲಕಗಳು ಅದರ ಮೈಮೇಲೆ ಹೊದಿಕೆಯಾಗಿ ಕುಳಿತವು. ಒಳಗೆ ಕಮಾನು ಮತ್ತು ಗುಮ್ಮಟಗಳ ಮೇಲೆ 8,000 ಚದರ ಮೀಟರಿಗೂ ಹೆಚ್ಚಿನ ಮೊಸಾಯಿಕ್ ಹರಡಿಕೊಂಡಿದೆ.

ಹೊದಿಕೆಯ ಹಿಂದೆ ಇಟ್ಟಿಗೆ ಇದೆ ಎಂಬುದನ್ನು ಮರೆತರೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ. ಉಬ್ಬರದ ನೀರು ಒಂದೆರಡು ಗಂಟೆ ನಿಂತು ಇಳಿದುಹೋಗುತ್ತದೆ, ನೆಲ ಒರೆಸಿದರೆ ಮುಗಿಯಿತು ಎಂದು ತೋರುತ್ತದೆ. ಆದರೆ ದೀಪದ ಬತ್ತಿ ಎಣ್ಣೆಯನ್ನು ಸೆಳೆಯುವಂತೆ ಇಟ್ಟಿಗೆಯ ಸೂಕ್ಷ್ಮರಂಧ್ರಗಳು ಆ ನೀರನ್ನು ಗೋಡೆಯೊಳಗೆ ಮೇಲಕ್ಕೆಳೆದುಕೊಳ್ಳುತ್ತವೆ. ನೀರು ಆರುತ್ತದೆ, ಅದರಲ್ಲಿದ್ದ ಉಪ್ಪು ಒಳಗೇ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ರಂಧ್ರದ ಗೋಡೆಯನ್ನು ಒತ್ತುತ್ತದೆ. ಗಾಳಿಯ ತೇವ ಹೆಚ್ಚಿದಾಗ ಕರಗಿ, ಒಣಗಿದಾಗ ಮತ್ತೆ ಬೆಳೆಯುತ್ತದೆ. ಹೀಗೆ ವರ್ಷಕ್ಕೆ ಹತ್ತಾರು ಸಲ ಒತ್ತಿಸಿಕೊಂಡ ಇಟ್ಟಿಗೆ ಪುಡಿಯಾಗುತ್ತದೆ, ಅಮೃತಶಿಲೆಯ ಫಲಕ ಪದರು ಬಿಚ್ಚಿಕೊಳ್ಳುತ್ತದೆ, ನೀರಿನಿಂದ ಎಷ್ಟೋ ಎತ್ತರದಲ್ಲಿರುವ ಮೊಸಾಯಿಕ್‌ನ ಬಣ್ಣದ ಚೂರುಗಳು ಗಾರೆಯ ಹಿಡಿತದಿಂದ ಸಡಿಲಗೊಳ್ಳುತ್ತವೆ. ಆದ್ದರಿಂದ ಈ ಕಟ್ಟಡದ ಮಟ್ಟಿಗೆ ಅಪರೂಪದ ಮಹಾಪ್ರವಾಹಕ್ಕಿಂತ ಮತ್ತೆ ಮತ್ತೆ ಬರುವ ಸಣ್ಣ ಉಬ್ಬರವೇ ಹೆಚ್ಚು ಕೆಡುಕಿನದು. ದಶಕಗಳ ಚರ್ಚೆಯಲ್ಲಿ ಕಡಿಮೆ ಬೆಲೆ ಸಿಕ್ಕಿದ್ದು ಇದೇ ಸಂಗತಿಗೆ.

ವೆನಿಸ್‌ನಲ್ಲಿ ನೀರಿನ ಎತ್ತರವನ್ನು 1897ರಲ್ಲಿ ಗೊತ್ತುಮಾಡಿದ ಶೂನ್ಯಮಟ್ಟದಿಂದ ಅಳೆಯುತ್ತಾರೆ. ಅಂದಿನಿಂದ ಇಂದಿಗೆ, ಸಮುದ್ರ ಏರಿದ್ದು ಮತ್ತು ನೆಲ ಕುಸಿದದ್ದು ಎರಡೂ ಸೇರಿ, ನಗರಕ್ಕೆ ಹೋಲಿಸಿದರೆ ಸಮುದ್ರವು 30 ಸೆಂ.ಮೀ.ಗೂ ಹೆಚ್ಚು ಮೇಲೆ ಬಂದಿದೆ. ಆಚೆ ದಡದ ಮಾರ್ಗೇರಾ ಕೈಗಾರಿಕಾ ವಲಯವು ಅಂತರ್ಜಲವನ್ನು ಎತ್ತುತ್ತಿದ್ದ 1950 ಮತ್ತು 60ರ ದಶಕಗಳಲ್ಲಿ ಕುಸಿತ ಬಿರುಸಾಗಿತ್ತು. 1970ರ ದಶಕದಲ್ಲಿ ಬಾವಿಗಳನ್ನು ಮುಚ್ಚಿದರೂ ಕುಸಿದ ನೆಲ ಮತ್ತೆ ಹೆಚ್ಚೇನೂ ಮೇಲೇಳಲಿಲ್ಲ. 1966ರ ನವೆಂಬರ್ 4ರಂದು ನೀರು 194 ಸೆಂ.ಮೀ. ಮುಟ್ಟಿ ಇಡೀ ಜಗತ್ತಿನ ಗಮನ ಇತ್ತ ಹೊರಳಿತು. 1973ರಲ್ಲಿ ವಿಶೇಷ ಕಾಯ್ದೆ ಬಂತು, ಅದರ ಬೆನ್ನಿಗೆ ಸಮಿತಿಗಳು, ಮಾದರಿಗಳು, ಪರಿಸರದ ಆಕ್ಷೇಪಗಳು ಬಂದವು. ಕೆಲಸಕ್ಕೆ ಅಡಿಗಲ್ಲು ಬೀಳುವ ಹೊತ್ತಿಗೆ 2003 ಬಂದಿತ್ತು.

ಮೋಸೆ ಎಂದು ಕರೆಯಲಾಗುವ ಈ ಯೋಜನೆಯಲ್ಲಿ, ನಗರದ ಸುತ್ತಲಿನ ಹಿನ್ನೀರು ಸಮುದ್ರವನ್ನು ಕೂಡುವ ಲಿಡೊ, ಮಾಲಮೊಕ್ಕೊ ಮತ್ತು ಕಿಯೊಜಾ ಎಂಬ ಮೂರು ಅಳಿವೆಗಳಲ್ಲಿ 78 ಟೊಳ್ಳು ಗೇಟುಗಳಿವೆ. ಸಾಮಾನ್ಯ ದಿನಗಳಲ್ಲಿ ನೀರು ತುಂಬಿಕೊಂಡು ಸಮುದ್ರತಳದಲ್ಲಿ ಮಲಗಿರುವ ಇವುಗಳೊಳಗೆ ಗಾಳಿ ಒತ್ತಿದಾಗ ನೀರು ಹೊರಬಿದ್ದು ಗೇಟು ಎದ್ದು ನಿಲ್ಲುತ್ತದೆ. ಕಲ್ಪನೆಯ ಬಗ್ಗೆ ತಕರಾರಿಲ್ಲ. ಆದರೆ ಗೇಟು ಎದ್ದಾಗ ಬಂದರು ಮುಚ್ಚುತ್ತದೆ, ಹಿನ್ನೀರಿನ ಉಸಿರಾಟ ನಿಲ್ಲುತ್ತದೆ, ಪ್ರತಿ ಸಲವೂ ಲಕ್ಷಾಂತರ ಯೂರೋ ಖರ್ಚಾಗುತ್ತದೆ. ಹೀಗಾಗಿ 110 ಸೆಂ.ಮೀ. ಮೀರುವ ಉಬ್ಬರಕ್ಕೆ ಮಾತ್ರ ಅವನ್ನು ಏಳಿಸುವುದೆಂದು ಗೊತ್ತುಮಾಡಲಾಯಿತು. ಆರಂಭದ ಪ್ರಯೋಗದ ಅವಧಿಯಲ್ಲಿ ಈ ಮಿತಿ 130 ಇತ್ತು. ನಗರದ ಬಹುಭಾಗಕ್ಕೆ 110 ಸಾಕು. ಸಂತ ಮಾರ್ಕರ ಚೌಕ 80 ದಾಟುತ್ತಿದ್ದಂತೆಯೇ ಒದ್ದೆಯಾಗುತ್ತದೆ, ಬಸಿಲಿಕಾದ ಮುಖಮಂಟಪ ಅದಕ್ಕಿಂತಲೂ ತಗ್ಗಿನಲ್ಲಿದೆ. ಚೌಕದಡಿಯ ಹಳೆಯ ಇಟ್ಟಿಗೆ ಚರಂಡಿಗಳ ಮೂಲಕ ಸುಮಾರು 65 ಸೆಂ.ಮೀ.ಗೇ ಅಲ್ಲಿ ನೀರು ಜಿನುಗುತ್ತಿತ್ತು. ಅಂದರೆ ಮೋಸೆ ಲೋಪವಿಲ್ಲದೆ ಕೆಲಸ ಮಾಡಿದರೂ ಈ ಕಟ್ಟಡ ನೆನೆಯುವುದು ನಕಾಶೆಯ ಹಂತದಲ್ಲೇ ತಿಳಿದಿತ್ತು. ದೊಡ್ಡ ಪರಿಹಾರ ಬರುವವರೆಗೆ ಚಿಕ್ಕದಕ್ಕೆ ಕೈಹಾಕುವುದು ಬೇಡ ಎಂಬ ಮನೋಭಾವವು ಎಷ್ಟೋ ಚಳಿಗಾಲಗಳನ್ನು ನುಂಗಿತು; ನಡುವೆ 2014ರಲ್ಲಿ ಯೋಜನೆಯ ಭ್ರಷ್ಟಾಚಾರದ ತನಿಖೆಯಲ್ಲಿ ಹಲವರ ಬಂಧನವಾಗಿ ಕಾಮಗಾರಿ ಇನ್ನಷ್ಟು ಹಿಂದೆ ಬಿತ್ತು.

2010ರ ದಶಕದ ಕೊನೆಯ ಹೊತ್ತಿಗೆ ಚರಂಡಿಗಳಿಗೆ ಕವಾಟ ಅಳವಡಿಸಿ ಮುಖಮಂಟಪವನ್ನು 88 ಸೆಂ.ಮೀ.ವರೆಗೆ ಕಾಪಾಡುವ ಏರ್ಪಾಡಾಯಿತು. ಆದರೆ 2018ರ ಅಕ್ಟೋಬರ್ 29ರಂದು ಉಬ್ಬರ 156ಕ್ಕೆ ಏರಿತು. ಕಟ್ಟಡ ಒಂದೇ ದಿನದಲ್ಲಿ ಇಪ್ಪತ್ತು ವರ್ಷ ಮುಪ್ಪಾಯಿತು ಎಂದು ಅದರ ಉಸ್ತುವಾರಿ ಮಂಡಳಿಯವರು ಹೇಳಿದ್ದು ಆಗಲೇ. ಮರುವರ್ಷ ನವೆಂಬರ್ 12ರ ರಾತ್ರಿ 187 ಸೆಂ.ಮೀ. ನೀರು ಬಂದು ನೆಲಮಾಳಿಗೆಯೂ ಮುಳುಗಿತು. 2020ರ ಅಕ್ಟೋಬರ್ 3ರಂದು ಮೋಸೆ ಮೊದಲ ಬಾರಿಗೆ ನಿಜವಾದ ಉಬ್ಬರವನ್ನು ತಡೆದಾಗ ಚೌಕ ಒಣಗಿತ್ತು, ಜನ ಸಂಭ್ರಮಿಸಿದರು. ಎರಡೇ ತಿಂಗಳಲ್ಲಿ, ಡಿಸೆಂಬರ್ 8ರಂದು, ಮುನ್ಸೂಚನೆ ಆಗಿನ 130ರ ಮಿತಿಗಿಂತ ಕೆಳಗಿದ್ದ ಕಾರಣ ಗೇಟುಗಳು ಏಳಲಿಲ್ಲ. ನೀರು 138 ಸೆಂ.ಮೀ. ತಲುಪಿತು, ಬಸಿಲಿಕಾ ಮತ್ತೆ ನೆನೆಯಿತು.

ಗಾಜಿನ ಗೋಡೆಗೆ ತಗುಲಿದ್ದು ಕೆಲವು ಮಿಲಿಯನ್ ಯೂರೋ ಮಾತ್ರ, ಮೋಸೆಯ ವೆಚ್ಚದ ಮುಂದೆ ಅದು ಲೆಕ್ಕಕ್ಕೇ ಬಾರದ ಮೊತ್ತ. ಚೌಕದ ನೋಟ ಕೆಡುತ್ತದೆ ಎಂದು ಕೆಲವರಿಗೆ ಅನಿಸಿದ್ದು ನಿಜ, ಆ ಬೇಸರ ಅರ್ಥವಾಗದ್ದೂ ಅಲ್ಲ. ಹಣ ಬಿಡುಗಡೆ ಮತ್ತು ಗುತ್ತಿಗೆಯ ತೊಡಕುಗಳನ್ನು ದಾಟಿ ಅದು ಪೂರ್ಣಗೊಂಡಿದ್ದು 2022ರ ನವೆಂಬರ್‌ನಲ್ಲಿ. ಅದೇ ತಿಂಗಳ 22ರಂದು ಹೊರಸಮುದ್ರದಲ್ಲಿ 170 ಸೆಂ.ಮೀ. ದಾಟಿದ ನೀರನ್ನು ಮೋಸೆ ಅಳಿವೆಯಲ್ಲೇ ತಡೆದಿತು. ಗೇಟು ಏಳದ ದಿನಗಳಲ್ಲಿ ಈಗ ಚೌಕದಲ್ಲಿ ನೀರು ನಿಲ್ಲುತ್ತದೆ, ಗಾಜಿನ ಈಚೆ ಮುಖಮಂಟಪ ಒಣಗಿರುತ್ತದೆ.

ಈ ಗೋಡೆ ತಾತ್ಕಾಲಿಕ. ಚೌಕದಡಿಯ ಚರಂಡಿಗಳನ್ನು ದುರಸ್ತಿಮಾಡಿ, ತಗ್ಗಿನ ನೆಲಗಟ್ಟನ್ನು ಎತ್ತರಿಸಿ, 110ರವರೆಗಿನ ಉಬ್ಬರ ಒಳಬಾರದಂತೆ ಮಾಡುವ ದೊಡ್ಡ ಕೆಲಸ ಮುಗಿದ ಮೇಲೆ ಅದನ್ನು ತೆಗೆಯಬೇಕೆಂಬುದು ಉದ್ದೇಶ. ಈಗಾಗಲೇ ಗೋಡೆಯೊಳಗೆ ಸೇರಿಕೊಂಡಿರುವ ಉಪ್ಪಿಗೆ ಗಾಜಿನಿಂದ ಉಪಾಯವಿಲ್ಲ. ಅದನ್ನು ಶುದ್ಧ ನೀರಿನಲ್ಲಿ ತೋಯಿಸಿದ ಪಟ್ಟಿಗಳನ್ನು ಅಂಟಿಸಿ ಹೀರಿಸಬೇಕು, ತೀರಾ ಹಾಳಾದ ಫಲಕಗಳನ್ನು ಕಳಚಿ ತೊಳೆದು ಮತ್ತೆ ಕೂರಿಸಬೇಕು. ಗೋಡೆ ಮತ್ತೆ ನೆನೆಯದಿದ್ದರೆ ಮಾತ್ರ ಆ ಶ್ರಮ ಉಳಿಯುತ್ತದೆ; ಆದ್ದರಿಂದ ಪ್ರತಿ ಶರತ್ಕಾಲದಲ್ಲಿ ಮೋಸೆಯ ನಿಯಂತ್ರಣ ಕೊಠಡಿಯಲ್ಲಿ ಯಾವ ಸೆಂಟಿಮೀಟರಿಗೆ ಗೇಟು ಏಳಿಸಬೇಕು ಎಂದು ನಡೆಯುವ ತೀರ್ಮಾನವು ಈ ಇಟ್ಟಿಗೆಗಳಿಗೂ ಸಂಬಂಧಪಟ್ಟದ್ದು.