ಕೆಂಪು ಮುಚ್ಚಳದ ಸಿರಿಂಜ್ ಸಿಗಲಿಲ್ಲ, ಕಿತ್ತಳೆ ಮುಚ್ಚಳದ್ದು ನಡೆಯುತ್ತಾ?

ಓದುಗರ ಪ್ರಶ್ನೆ: "ಸರ್, ನಮ್ಮ ಅವ್ವನಿಗೆ ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್. ಊರಲ್ಲಿ ಕೆಂಪು ಮುಚ್ಚಳದ ಸಿರಿಂಜ್ ಖಾಲಿಯಾಗಿತ್ತು. ಗದಗಿನಿಂದ ಕಿತ್ತಳೆ ಮುಚ್ಚಳದ್ದು ತಂದೆ. ಎರಡೂ 1 ಎಂ.ಎಲ್. ಅಲ್ವಾ, ನಡೆಯುತ್ತಾ?"

ನಡೆಯೋದಿಲ್ಲರೀ. ಹುಬ್ಬಳ್ಳಿಯ ನಮ್ಮ ಮೆಡಿಕಲ್ ಅಂಗಡಿಯಲ್ಲಿ ನಿಂತು ಈ ಮಾತು ಹೇಳಿ ಹೇಳಿ ಸಾಕಾಗಿದೆ. ಆದರೂ "ಎರಡೂ ಒಂದೇ ಎಂ.ಎಲ್." ಅನ್ನೋ ನಂಬಿಕೆ ಜನರ ತಲೆಯಿಂದ ಹೋಗ್ತಾನೇ ಇಲ್ಲ. ಇವತ್ತು ಬಿಡಿಸಿ ಹೇಳುತ್ತೇನೆ.

ಟಾನಿಕ್ಕನ್ನು ಎಂ.ಎಲ್. ಲೆಕ್ಕದಲ್ಲಿ ಕುಡಿಸಿ ನಮಗೆ ರೂಢಿ. ಇನ್ಸುಲಿನ್ ಹಾಗಲ್ಲ. ಡಾಕ್ಟರು ಬರೆಯುವುದು ಯೂನಿಟ್. ಅದು ಔಷಧದ ಬಲದ ಅಳತೆ. ಗಟ್ಟಿ ಮಜ್ಜಿಗೆಯೂ ನೀರು ಮಜ್ಜಿಗೆಯೂ ಒಂದೇ ಲೋಟದಲ್ಲಿ ಹಿಡಿಯುತ್ತವೆ, ಅಷ್ಟಕ್ಕೇ ಅವೆರಡೂ ಒಂದೇನಾ?

ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಾಟಲಿ 40 ಐ.ಯು. ಅಂದರೆ 1 ಎಂ.ಎಲ್.ನಲ್ಲಿ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕೆಲವು ಬಾಟಲಿಗಳಲ್ಲಿ 1 ಎಂ.ಎಲ್.ಗೆ 100 ಯೂನಿಟ್ ಇರುತ್ತದೆ. ಅದಕ್ಕೆ ಕಿತ್ತಳೆ. ಇನ್ಸುಲಿನ್ ಪೆನ್ನಿನೊಳಗೆ ಹಾಕುವ ಔಷಧದ ಕೊಳವೆ, ಅಂದರೆ ಕಾರ್ಟ್ರಿಜ್ ಕೂಡ ಸಾಮಾನ್ಯವಾಗಿ 100ರದ್ದೇ. ಅದರಿಂದ ಸಿರಿಂಜಿಗೆ ಎಳೆಯುವ ಸಾಹಸ ಬೇಡವೇ ಬೇಡ.

ಈಗ ಅವ್ವನ ಲೆಕ್ಕ. 40ರ ಬಾಟಲಿಯಲ್ಲಿ 20 ಯೂನಿಟ್ ಅಂದರೆ ಅರ್ಧ ಎಂ.ಎಲ್. ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆ ಅಂದರೆ 0.2 ಎಂ.ಎಲ್. ಅಷ್ಟೇ. ಅವ್ವನ ಮೈಗೆ ಹೋಗೋದು 8 ಯೂನಿಟ್. ಶುಗರ್ ಏರುತ್ತದೆ, "ಇನ್ಸುಲಿನ್ ಕೆಲಸ ಮಾಡ್ತಿಲ್ಲ" ಅಂತ ಡಾಕ್ಟರ ಹತ್ತಿರ ಓಡುತ್ತೀರಿ. ಇನ್ನು 100ರ ಬಾಟಲಿಗೆ ಕೆಂಪು ಸಿರಿಂಜ್ ಚುಚ್ಚಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಅದು ಜೀವಕ್ಕೇ ಅಪಾಯ.

"ಕಿತ್ತಳೆಯಲ್ಲಿ 50ರ ಗೆರೆಗೆ ಎಳೆದರಾಯ್ತು" ಅಂತ ಹೇಳುವವರೂ ಇದ್ದಾರೆ. ಲೆಕ್ಕವೇನೋ ಸರಿ. ಆದರೆ ನಾಳೆ ನೀವು ಮನೆಯಲ್ಲಿಲ್ಲದಾಗ ಸೊಸೆಯೋ ಮೊಮ್ಮಗನೋ ಎಳೆಯುತ್ತಾರೆ. ಅವರು ನೋಡುವುದು ಚೀಟಿಯಲ್ಲಿರುವ 20ನ್ನೇ. ಹಾಗಾಗಿ ಬಾಟಲಿ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಪಕ್ಕಪಕ್ಕ ಹಿಡಿದು ಓದಿ. ಮುಚ್ಚಳದ ಬಣ್ಣ ನೋಡಿದರೆ ಸಾಲದು. ಕೂಡದಿದ್ದರೆ ಎಳೆಯಬೇಡಿ, ಸರಿಯಾದ ಸಿರಿಂಜ್ ತರಿಸಿ.

ಎಳೆಯುವ ರೀತಿಯನ್ನೂ ಹೇಳಿಬಿಡುತ್ತೇನೆ. ಕೈ ತೊಳೆದುಕೊಳ್ಳಿ. 30/70 ಥರದ, ಎರಡು ಬಗೆ ಬೆರೆಸಿದ ಹಾಲಿನಂಥ ಇನ್ಸುಲಿನ್ ಆದರೆ ಬಾಟಲಿಯನ್ನು ಎರಡು ಅಂಗೈ ನಡುವೆ ಮೆಲ್ಲಗೆ ಉರುಳಿಸಿ, ತಳದ ಬಿಳಿ ಎಲ್ಲ ಕಡೆ ಒಂದೇ ಸಮ ಬೆರೆಯಬೇಕು. ಕುಲುಕಬೇಡಿ, ನೊರೆ ಬರುತ್ತದೆ. ರಬ್ಬರನ್ನು ಸ್ಪಿರಿಟ್‌ನಿಂದ ಒರೆಸಿ, ಆರಲು ಬಿಡಿ. 20 ಯೂನಿಟ್ ಬೇಕಿದ್ದರೆ ಮೊದಲು 20ರಷ್ಟು ಗಾಳಿಯನ್ನು ಬಾಟಲಿಗೆ ತಳ್ಳಿ, ಆಮೇಲೆ ತಲೆಕೆಳಗು ಮಾಡಿ ಎಳೆಯಿರಿ. ಗುಳ್ಳೆ ಕಂಡರೆ ಬೆರಳಿನಿಂದ ತಟ್ಟಿ ಹೊರಗೆ ಹಾಕಿ. ಚರ್ಮದ ಕೆಳಗೆ ಹೋದ ಪುಟ್ಟ ಗುಳ್ಳೆಯಿಂದ ಜೀವಕ್ಕೇನೂ ಆಗಲ್ಲ, ಆದರೆ ಅಷ್ಟು ಔಷಧ ಕಮ್ಮಿಯಾಗುತ್ತದೆ.

ತಿಳಿ ಇನ್ಸುಲಿನ್ ಎಲ್ಲ ಒಂದೇ ಅಂತಲೂ ತಿಳಿಯಬೇಡಿ. ರೆಗ್ಯುಲರ್ ತಿಳಿಯಾಗಿರುತ್ತದೆ, ಊಟಕ್ಕೆ ಅರ್ಧ ಗಂಟೆ ಮೊದಲು ತಗೊಳ್ಳುವಂಥದ್ದು. ಗ್ಲಾರ್ಜಿನ್ ಕೂಡ ತಿಳಿಯೇ, ಆದರೆ ಇಡೀ ದಿನ ನಿಧಾನವಾಗಿ ಕೆಲಸ ಮಾಡುತ್ತದೆ. ಅದನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸಲೇಬಾರದು.

ನೀವು ಕೇಳಲಿಲ್ಲ, ಆದರೂ ಇನ್ನೊಂದು ಮಾತು. ಇನ್ಸುಲಿನ್ ಜಾಸ್ತಿಯಾಗಿಯೋ ಊಟ ತಡವಾಗಿಯೋ ಅವ್ವನಿಗೆ ಬೆವರು, ಕೈನಡುಕ, ತಲೆಸುತ್ತು ಬಂದರೆ ಏನು ಕೊಡುತ್ತೀರಿ? ನಮ್ಮ ಕಡೆ ಕೈಗೆ ಮೊದಲು ಸಿಗೋದು ಧಾರವಾಡ ಪೇಡೆ. ಪೇಡೆಯಲ್ಲಿ ಖೋವಾದ ಕೊಬ್ಬಿದೆ, ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಶುಗರ್ ನೋಡಿ, 70ಕ್ಕಿಂತ ಕೆಳಗೇ ಇದ್ದರೆ ಮತ್ತೊಮ್ಮೆ ಕುಡಿಸಿ. ಸುಧಾರಿಸಿದ ಮೇಲೆ ರೊಟ್ಟಿಯೋ ಅನ್ನವೋ ಉಣ್ಣಲಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.