ಕಾಲು ಊರದೆ ಗಾಡಿ ತಿರುಗಿಸುವುದು: ಬೈಕ್ ಟೆಸ್ಟಿಗೆ ಯು-ಟರ್ನ್ ಟಿಪ್ಪಣಿ

ಬೈಕ್ ಲೈಸೆನ್ಸ್ ಟೆಸ್ಟಿನಲ್ಲಿ ನೇರ ಓಡಿಸಲು ಬಾರದೆ ಫೇಲಾಗುವವರು ಅಪರೂಪ. ಎಡವುವುದೆಲ್ಲ ತಿರುವಿನಲ್ಲಿ. ‘ಎಂಟು ಹಾಕಿಸ್ತಾರೆ’ ಅಂತಾರಲ್ಲ, ಆ ಎಂಟನ್ನು ಬಿಡಿಸಿ ನೋಡಿದರೆ ಬಲಕ್ಕೊಂದು, ಎಡಕ್ಕೊಂದು ನಿಧಾನದ ಯು-ಟರ್ನ್ ಸಿಗುತ್ತದೆ, ಅಷ್ಟೇ. ಬಾಗಲಕೋಟೆಯಲ್ಲಿ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿಕೊಂಡು ಕಲಿಯುತ್ತಿರುವ ಗೆಳೆಯರಿಗೆ ಉಪಯೋಗವಾಗಲಿ ಎಂದು ಈ ಟಿಪ್ಪಣಿ. ಓದಿಕೊಂಡು ಗಾಡಿ ಹತ್ತಿ, ಮತ್ತೆ ಬಂದು ಓದಿ. ಆಗ ಹೆಚ್ಚು ಅರ್ಥವಾಗುತ್ತದೆ.

ಕಾಯ್ದೆಯ ಮಾತು ಬೇಗ ಮುಗಿಸೋಣ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕು 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು. ಫೇಲಾದರೆ 7 ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲವೂ ಆಗಲಿಲ್ಲ ಅಂದರೆ ಕೊನೆಯ ಟೆಸ್ಟಿನಿಂದ 60 ದಿನ ಕಾಯಬೇಕು. ಗಾಡಿಯ ಮುಂದೆ, ಹಿಂದೆ ಎರಡೂ ಕಡೆ ಎಲ್ ಬೋರ್ಡ್ ಬೇಕು: 18 ಸೆಂ.ಮೀ. ಚೌಕದ ಬಿಳಿ ಹಲಗೆ, ಅದರ ಮೇಲೆ 10 ಸೆಂ.ಮೀ.ಗೆ ಕಡಿಮೆ ಇಲ್ಲದ ಕೆಂಪು ಎಲ್. ಕಲಿಸುವ ಲೈಸೆನ್ಸ್‌ದಾರರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಟೆಸ್ಟಿಗೆ ಗೇರ್ ಇಲ್ಲದ ಗಾಡಿ ತಂದರೆ ಸಿಗುವ ಲೈಸೆನ್ಸೂ ಗೇರ್ ಇಲ್ಲದ್ದೇ. ಸುಲಭ ಅಂತ ಮನೆಯ ಸ್ಕೂಟರ್ ತಗೊಂಡು ಹೋಗುವವರು ಇದನ್ನು ಮೊದಲೇ ಯೋಚಿಸಿ.

ನಿಧಾನಕ್ಕೆ ಹೋದರೆ ಯಾಕೆ ಕಷ್ಟ?

ಗಾಡಿ ಓಡುವಾಗ ಬೀಳದಿರುವುದು ನಾವು ಹ್ಯಾಂಡಲ್ ಅನ್ನು ಸದಾ ಅತ್ತಿತ್ತ ತಿದ್ದುತ್ತಾ ಇರುವುದರಿಂದ. ನಮಗೇ ಗೊತ್ತಾಗುವುದಿಲ್ಲ, ಅಷ್ಟು ಸಣ್ಣ ತಿದ್ದುಪಡಿ. ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೆ ಹೋಗುತ್ತದೆ, ಚಕ್ರಗಳು ಭಾರದ ಕೆಳಗೆ ಬರುತ್ತವೆ, ಗಾಡಿ ನೆಟ್ಟಗಾಗುತ್ತದೆ. 40 ಕಿ.ಮೀ. ವೇಗದಲ್ಲಿ ಕೂದಲೆಳೆಯಷ್ಟು ತಿದ್ದಿದರೂ ಸಾಕು. 5 ಕಿ.ಮೀ.ಯಲ್ಲಿ ಅದೇ ಕೆಲಸಕ್ಕೆ ಹ್ಯಾಂಡಲ್ ದೊಡ್ಡದಾಗಿ ಆಡಿಸಬೇಕು. ಕಲಿಯುವವರ ಗಾಡಿ ನಿಧಾನದಲ್ಲಿ ತೂರಾಡುವುದು ಇದಕ್ಕೇ. ಅದು ಹೆದರಿಕೆಯಿಂದ ಮಾತ್ರ ಅಲ್ಲ.

ಈಗ ಯು-ಟರ್ನ್‌ಗೆ ಬನ್ನಿ. ಇಲ್ಲಿ ಹ್ಯಾಂಡಲ್ ಅನ್ನು ಬಲಕ್ಕೆ ಕೊನೆಯವರೆಗೂ ತಿರುಗಿಸಿಬಿಟ್ಟಿದ್ದೀರಿ. ಗಾಡಿ ಇನ್ನೂ ಬಲಕ್ಕೆ ವಾಲಿದರೆ ತಿದ್ದಲು ಹ್ಯಾಂಡಲ್‌ನಲ್ಲಿ ಜಾಗವೇ ಉಳಿದಿಲ್ಲ! ಕಾಲು ಊರುವುದು ಈ ಕ್ಷಣದಲ್ಲೇ. ಹಾಗಾದರೆ ಗಾಡಿಯನ್ನು ಎತ್ತಿ ನಿಲ್ಲಿಸುವುದು ಯಾವುದು? ಹಿಂದಿನ ಚಕ್ರದ ಎಳೆತ. ಕ್ಲಚ್ ಸ್ವಲ್ಪವೇ ಸ್ವಲ್ಪ ಬಿಟ್ಟರೆ ಗಾಡಿ ಮುಂದಕ್ಕೆ ಎಳೆದುಕೊಳ್ಳುತ್ತದೆ, ಎಳೆದುಕೊಂಡ ಕೂಡಲೇ ನೆಟ್ಟಗಾಗುತ್ತದೆ. ತಿರುವು ಅಗಲವಾಗುತ್ತಿದೆ ಅನಿಸಿದರೆ ಕ್ಲಚ್ ತುಸು ಒತ್ತಿ, ಗಾಡಿ ಮತ್ತೆ ಒಳಗೆ ವಾಲುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿದ ಮೇಲೆ ಬ್ಯಾಲೆನ್ಸ್ ಇರುವುದು ಎಡಗೈಯ ಬೆರಳಲ್ಲಿ. ಈ ಟಿಪ್ಪಣಿಯಲ್ಲಿ ಗೆರೆ ಎಳೆದುಕೊಳ್ಳುವ ಮಾತು ಇದೊಂದೇ.

ಹೆಚ್ಚಿನವರು ಮಾಡುವುದು ಇದಕ್ಕೆ ತದ್ವಿರುದ್ಧ. ವಾಲುತ್ತಿದ್ದಂತೆ ಗಾಬರಿಯಾಗಿ ಕ್ಲಚ್ ಪೂರ್ತಿ ಹಿಡಿಯುತ್ತಾರೆ. ಎಳೆತ ಹೋಯಿತು, ಗಾಡಿ ಮಲಗಿತು.

ವೇಗ ಎಷ್ಟಿರಬೇಕು? ಒಂದು ಸಣ್ಣ ಲೆಕ್ಕ ನೋಡಿ. 5 ಮೀಟರ್ ಅಗಲದಲ್ಲಿ ತಿರುಗುತ್ತೀರಿ ಅಂದುಕೊಳ್ಳಿ, ಅಂದರೆ ಎರಡೂವರೆ ಮೀಟರ್ ತ್ರಿಜ್ಯ. 6 ಕಿ.ಮೀ. ವೇಗದಲ್ಲಿ ಬೇಕಾಗುವ ವಾಲುವಿಕೆ ಸುಮಾರು 6 ರಿಂದ 7 ಡಿಗ್ರಿ. 10 ಕಿ.ಮೀ. ಆದರೆ 17-18 ಡಿಗ್ರಿ. 15ಕ್ಕೆ ಹೋದರೆ 35 ಡಿಗ್ರಿ, ಅದು ಕಲಿಯುವವರಿಗೆ ಆಗದ ಮಾತು. ವೇಗ ಸ್ವಲ್ಪ ಏರಿದರೂ ವಾಲುವಿಕೆ ಜಾಸ್ತಿಯೇ ಏರುತ್ತದೆ, ಯಾಕೆಂದರೆ ಸೂತ್ರದಲ್ಲಿ ವೇಗದ ವರ್ಗ ಬರುತ್ತದೆ. ಹಾಗಂತ 3 ಕಿ.ಮೀ.ಗೆ ಇಳಿದರೆ ತೂರಾಟ. ಜೋರಾಗಿ ನಡೆಯುವವರಿಗಿಂತ ಸ್ವಲ್ಪ ಹೆಚ್ಚು ವೇಗ ಇದ್ದರೆ ಸರಿ. ಮೀಟರ್ ನೋಡಬೇಡಿ. ಅಷ್ಟು ಕಡಿಮೆ ವೇಗದಲ್ಲಿ ಮುಳ್ಳು ಸರಿಯಾಗಿ ತೋರಿಸುವುದೂ ಇಲ್ಲ.

ಕೈ, ಕಾಲು

ಫಸ್ಟ್ ಗೇರ್. ಎಕ್ಸಲೇಟರ್ ತುಸು ಕೊಟ್ಟು ಅಲ್ಲೇ ಹಿಡಿದಿಡಿ. ಎಂಜಿನ್ ಸದ್ದು ತಿರುವು ಮುಗಿಯುವ ತನಕ ಒಂದೇ ಸಮ ಇರಬೇಕು. ವೇಗದ ಏರಿಳಿತವೆಲ್ಲ ಹಾಫ್ ಕ್ಲಚ್‌ನಲ್ಲೇ ಆಗಲಿ. ಕ್ಲಚ್ ಬಿಡುತ್ತಾ ಹೋದಂತೆ ಗಾಡಿ ಮೊದಲು ಎಳೆಯಲು ಶುರು ಮಾಡುವ ಜಾಗ ಒಂದಿರುತ್ತದಲ್ಲ, ಬೆರಳುಗಳು ಆ ಜಾಗದ ಆಸುಪಾಸಿನಲ್ಲೇ ಆಡಬೇಕು, ಅಬ್ಬಬ್ಬಾ ಅಂದರೆ ಅರ್ಧ ಇಂಚು. ಬಲಗಾಲು ಹಿಂದಿನ ಬ್ರೇಕ್ ಮೇಲೆ ಹಗುರವಾಗಿ ಒತ್ತಿಕೊಂಡಿರಲಿ. ಒಂದು ಕಡೆ ಎಂಜಿನ್ ಎಳೆಯುತ್ತದೆ, ಇನ್ನೊಂದು ಕಡೆ ಬ್ರೇಕ್ ಹಿಡಿಯುತ್ತದೆ. ಈ ಜಗ್ಗಾಟದಲ್ಲಿ ಚೈನ್ ಬಿಗಿಯಾಗಿ ನಿಲ್ಲುತ್ತದೆ, ಗಾಡಿ ಜರ್ಕ್ ಹೊಡೆಯುವುದಿಲ್ಲ.

‘ಹಾಫ್ ಕ್ಲಚ್ ಹಾಕಿದ್ರ ಪ್ಲೇಟ್ ಸುಡ್ತಾವು’ ಅಂತ ಮನೆಯಲ್ಲಿ ಬೈಸಿಕೊಂಡವರು ಇದ್ದೇ ಇರುತ್ತೀರಿ. ಕಾರಿಗೆ ಆ ಮಾತು ಸರಿ. ನಮ್ಮ ಸಾಮಾನ್ಯ ಬೈಕುಗಳ ಕ್ಲಚ್ ಪ್ಲೇಟು ಎಂಜಿನ್ ಆಯಿಲ್‌ನಲ್ಲಿ ಮುಳುಗಿರುತ್ತವೆ, ಬಿಸಿಯನ್ನು ಆಯಿಲ್ ಹೊತ್ತೊಯ್ಯುತ್ತದೆ. ಒಂದು ಯು-ಟರ್ನ್ ಹೊತ್ತು ಜಾರಿಸಿದರೆ ಏನೂ ಆಗದು. ಗಂಟೆಗಟ್ಟಲೆ ಅದನ್ನೇ ಮಾಡಬೇಡಿ, ನಡುನಡುವೆ ನೇರ ಒಂದು ಸುತ್ತು ಹೋಗಿ ಬನ್ನಿ.

ಮುಂದಿನ ಬ್ರೇಕ್ ಮುಟ್ಟುವ ಹಾಗೇ ಇಲ್ಲ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಚಕ್ರ ಹಿಡಿದರೆ ಗಾಡಿಯ ಭಾರ ಮುಂದಕ್ಕೂ ಒಳಕ್ಕೂ ಒಮ್ಮೆಲೇ ಬೀಳುತ್ತದೆ. ಎಳೆತವೂ ಇಲ್ಲ, ವೇಗವೂ ಇಲ್ಲ, ನೆಲ ಮಾತ್ರ ಇದೆ. ಬಲಗೈಯ ನಾಲ್ಕೂ ಬೆರಳನ್ನು ಹ್ಯಾಂಡಲ್‌ಗೇ ಸುತ್ತಿಕೊಂಡು ಅಭ್ಯಾಸ ಮಾಡುವುದು ಒಳ್ಳೆಯದು.

ಬಲ ತಿರುವಿನಲ್ಲಿ ಇನ್ನೊಂದು ಕಿರಿಕಿರಿ ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಾವು ಎಡಬದಿಯಲ್ಲಿ ಓಡಿಸುವವರು, ಹಾಗಾಗಿ ರಸ್ತೆಯಲ್ಲಿ ನಮ್ಮ ಯು-ಟರ್ನ್ ಯಾವಾಗಲೂ ಬಲಕ್ಕೆ. ಹ್ಯಾಂಡಲ್ ಬಲಕ್ಕೆ ಪೂರ್ತಿ ತಿರುಗಿಸಿದಾಗ ಬಲಗೈ ಹೊಟ್ಟೆಯ ಹತ್ತಿರ ಬರುತ್ತದೆ, ಮೊಣಕೈ ಮಡಚಿಕೊಳ್ಳುತ್ತದೆ, ಮಣಿಕಟ್ಟು ಸೊಟ್ಟಗಾಗುತ್ತದೆ. ಆ ಸೊಟ್ಟ ಮಣಿಕಟ್ಟೇ ನಮಗೆ ಗೊತ್ತಿಲ್ಲದೆ ಎಕ್ಸಲೇಟರ್ ತಿರುಗಿಸಿಬಿಡುತ್ತದೆ. ಅತ್ತ ಎಡಗೈ ದೂರ ಚಾಚಿರುತ್ತದೆ, ಕ್ಲಚ್ ಬೆರಳಿಗೆ ನಿಲುಕುವುದು ಕಷ್ಟ. ಕುಳ್ಳಗಿರುವವರಿಗಂತೂ ಇದು ಇನ್ನೂ ಜಾಸ್ತಿ. ಪರಿಹಾರ ಏನು? ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಬಂದ್ ಮಾಡಿ ಕುಳಿತುಕೊಳ್ಳಿ. ಹ್ಯಾಂಡಲ್ ಬಲಕ್ಕೆ ಪೂರ್ತಿ ತಿರುಗಿಸಿ ಕ್ಲಚ್ ಹಿಡಿದು ಬಿಟ್ಟು ನೋಡಿ. ಎಡಭುಜ ಸ್ವಲ್ಪ ಮುಂದೆ ತಂದರೆ, ಸೀಟಿನಲ್ಲಿ ಒಂದಿಷ್ಟು ಮುಂದೆ ಸರಿದರೆ ಬೆರಳು ಆರಾಮಾಗಿ ಸಿಗುತ್ತವೆ. ಬಲ ಮೊಣಕೈಯನ್ನು ಹೊರಗೆ ಎತ್ತಿದರೆ ಮಣಿಕಟ್ಟು ಸಡಿಲವಾಗುತ್ತದೆ. ಇಷ್ಟಾದ ಮೇಲೆ ಗಾಡಿ ಚಾಲೂ ಮಾಡಿ.

ಕಣ್ಣು ಮತ್ತು ಸೊಂಟ

ಕಲಿಯುವವರು ಮುಂದಿನ ಚಕ್ರವನ್ನೇ ನೋಡುತ್ತಾರೆ. ಚಕ್ರ ನೋಡಿದರೆ ಗಾಡಿ ಚಕ್ರದ ಹತ್ತಿರವೇ ಬೀಳುತ್ತದೆ! ನಮ್ಮ ಕಡೆ ಹಿರಿಯರು ಪಕ್ಕದಲ್ಲಿ ನಿಂತು ಕೂಗುತ್ತಾರಲ್ಲ, ‘ಲೇ ತಮ್ಮಾ, ಎಲ್ಲಿ ನೋಡಾಕತ್ತಿ? ಹೋಗೂದ ಕಡೆ ನೋಡೋ!’ ಅಂತ. ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಬಲಕ್ಕೆ ತಿರುಗುವಾಗ ಗದ್ದ ಬಲ ಭುಜದ ಮೇಲೆ ಬರುವಷ್ಟು ತಲೆ ಹೊರಳಿಸಿ, ನೀವು ಹೋಗಿ ಸೇರಬೇಕಾದ ರಸ್ತೆಯ ಕೊನೆಯನ್ನು ನೋಡಿ. ಕಣ್ಣಷ್ಟೇ ಹೊರಳಿಸಿದರೆ ಸಾಲದು, ತಲೆಯೇ ತಿರುಗಬೇಕು. ತಲೆ ಹೋದ ಕಡೆ ಭುಜ, ಭುಜ ಹೋದ ಕಡೆ ಹ್ಯಾಂಡಲ್. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ದೊಡ್ಡದಾಗಿದ್ದರೆ ತಲೆ ತಿರುಗಿದರೂ ಹೆಲ್ಮೆಟ್ ಅಲ್ಲೇ ಉಳಿಯುತ್ತದೆ, ಅಳತೆ ನೋಡಿ ತಗೊಳ್ಳಿ.

ಮೈ ಗಾಡಿಯ ಜೊತೆ ಒಳಗೆ ವಾಲಬಾರದು. ವೇಗದ ತಿರುವಿನಲ್ಲಿ ಒಳಗೆ ವಾಲುವುದು ಸರಿ, ನಿಧಾನದಲ್ಲಿ ಉಲ್ಟಾ. ಗಾಡಿ ಬಲಕ್ಕೆ ವಾಲಲಿ, ನೀವು ನೆಟ್ಟಗೆ ಕುಳಿತು ಭಾರವನ್ನು ಎಡ ತೊಡೆಯ ಕಡೆಗೆ ಕೊಡಿ, ಎಡ ಫುಟ್‌ರೆಸ್ಟ್ ಒತ್ತಿ. ಮೊಣಕಾಲು ಟ್ಯಾಂಕಿಗೆ ಅಂಟಿರಲಿ. ಕಾಲು ಚಾಚಿಕೊಂಡು ಹೋದರೆ ಬೀಳುವುದಿಲ್ಲ ಅನ್ನುವುದು ಸುಳ್ಳು ಧೈರ್ಯ. ಚಾಚಿದ ಕಾಲು ಭಾರವನ್ನು ಒಳಕ್ಕೆ ಎಳೆಯುತ್ತದೆ, ಮೇಲಾಗಿ ಬಲಗಾಲು ಬ್ರೇಕಿನಿಂದ ಎದ್ದುಬಿಡುತ್ತದೆ.

ಗಾಡಿ ಯಾವುದು

ಸ್ಪ್ಲೆಂಡರ್‌ನಂತಹ ಗಾಡಿ ಇದಕ್ಕೆ ಹೇಳಿ ಮಾಡಿಸಿದ್ದು. ಹಗುರ, ಸುಮಾರು 112 ಕೆ.ಜಿ., ಉದ್ದವೂ ಕಡಿಮೆ. ಕ್ಲಾಸಿಕ್ 350 ಆದರೆ 195 ಕೆ.ಜಿ. ಅದು ಒಮ್ಮೆ ವಾಲಲು ಶುರುವಾದರೆ ಕಾಲಿನಿಂದ ತಡೆಯುವುದು ಸುಲಭವಲ್ಲ. ಟೆಸ್ಟಿಗಂತ ಅಣ್ಣನ ಬುಲೆಟ್ ಕೇಳಿ ತರಬೇಡಿ, ಕಲಿತ ಗಾಡಿಯಲ್ಲೇ ಹೋಗಿ.

2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲವೇ ಕಂಬೈನ್ಡ್ ಬ್ರೇಕ್ ಕಡ್ಡಾಯವಾಯಿತು. ಕಂಬೈನ್ಡ್ ಬ್ರೇಕ್ ಇದ್ದರೆ ಹಿಂದಿನ ಪೆಡಲ್ ಒತ್ತಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಹಾಗಾಗಿ ಪೆಡಲ್ ಮೇಲೆ ಪಾದದ ಭಾರ ಅಷ್ಟೇ ಇರಲಿ, ತುಳಿಯಬೇಡಿ.

ಸ್ಕೂಟರ್‌ನಲ್ಲಿ ಕ್ಲಚ್ ಲಿವರ್ ಇಲ್ಲ. ಎಕ್ಸಲೇಟರ್ ಪೂರ್ತಿ ಬಿಟ್ಟರೆ ಒಳಗಿನ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ, ಎಳೆತ ನಿಂತುಹೋಗುತ್ತದೆ. ಆದ್ದರಿಂದ ಎಕ್ಸಲೇಟರ್ ತುಸು ಕೊಟ್ಟೇ ಇರಬೇಕು, ವೇಗವನ್ನು ಎಡಗೈಯ ಹಿಂದಿನ ಬ್ರೇಕ್‌ನಿಂದ ಹಿಡಿತದಲ್ಲಿಡಬೇಕು. ಹಳ್ಳಿಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಟಿವಿಎಸ್ ಎಕ್ಸ್‌ಎಲ್ ಮೇಲೆ ಸಂದಿಯಲ್ಲಿ ತಿರುಗುವ ಕಾಕಾಗಳನ್ನು ಒಮ್ಮೆ ಗಮನಿಸಿ. ಎಕ್ಸಲೇಟರ್ ಬಿಡುವುದೇ ಇಲ್ಲ ಅವರು.

ಎರಡು ತಪಾಸಣೆ ಮೊದಲೇ ಮಾಡಿಕೊಳ್ಳಿ. ಕ್ಲಚ್ ಲಿವರ್ ತುದಿಯಲ್ಲಿ 10 ರಿಂದ 20 ಮಿ.ಮೀ. ಸಡಿಲ ಇರಬೇಕು. ನ್ಯೂಟ್ರಲ್‌ನಲ್ಲಿ ಗಾಡಿ ಚಾಲೂ ಇಟ್ಟು ಹ್ಯಾಂಡಲ್ ಅನ್ನು ಎಡದಿಂದ ಬಲಕ್ಕೆ ಪೂರ್ತಿ ತಿರುಗಿಸಿ. ತಿರುಗಿಸಿದಂತೆ ಎಂಜಿನ್ ರೇಸ್ ತಾನೇ ಏರಿದರೆ ಕೇಬಲ್ ಜಗ್ಗುತ್ತಿದೆ ಅಂತ ಅರ್ಥ. ಇಂಥ ಗಾಡಿಯಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಯು-ಟರ್ನ್ ಕೂಡಿಬರುವುದಿಲ್ಲ, ಮೆಕ್ಯಾನಿಕ್ ಹತ್ತಿರ ಹೋಗಿ. ಚೈನ್ ಜೋತುಬಿದ್ದಿದ್ದರೂ ಹಾಗೇ.

ಎಲ್ಲಿ, ಹೇಗೆ ಅಭ್ಯಾಸ

ಬಾಗಲಕೋಟೆಯವರಿಗೆ ನವನಗರದ ಸೆಕ್ಟರ್‌ಗಳ ಒಳರಸ್ತೆಗಳು ಸಾಕು. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಅಳತೆ ಹಾಕಿ ಕಟ್ಟಿದ ಊರು ಅದು, ರಸ್ತೆಗಳು ನೇರ. ಬೆಳಿಗ್ಗೆ ಬೇಗ ಹೋದರೆ ವಾಕಿಂಗ್‌ನವರು, ನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಹಳೇ ಪೇಟೆಯ ಓಣಿಗಳಲ್ಲಿ ಪ್ರಯತ್ನ ಬೇಡ.

ಅಳತೆ ಹೀಗೆ ನೆನಪಿಡಿ. ಸಾಮಾನ್ಯವಾಗಿ ಎರಡು ಲೇನ್ ಡಾಂಬರು ರಸ್ತೆ 7 ಮೀಟರ್, ಒಂದೇ ಲೇನಿನದು 3.75 ಮೀಟರ್. ಬ್ರಿಟನ್‌ನಲ್ಲಿ ಯು-ಟರ್ನ್ ಅನ್ನೇ ಪ್ರತ್ಯೇಕ ಪರೀಕ್ಷೆ ಮಾಡುತ್ತಾರೆ, ಅಲ್ಲಿ ಎರಡು ಗೆರೆಗಳ ನಡುವೆ 7.5 ಮೀಟರ್ ಕೊಡುತ್ತಾರೆ. ಅಂದರೆ 7 ಮೀಟರ್‌ನಲ್ಲಿ ಆರಾಮಾಗಿ ತಿರುಗುವಂತಾದರೆ ನೀವು ಸರಿದಾರಿಯಲ್ಲಿದ್ದೀರಿ. ಇಟ್ಟಿಗೆ ಚೂರು ಇಡಬೇಡಿ, ಚಕ್ರ ಹತ್ತಿದರೆ ಬೀಳುತ್ತೀರಿ. ಸುಣ್ಣದ ಗೆರೆ ಸಾಕು. 7 ಮೀಟರ್ ಆದ ಮೇಲೆ ಗೆರೆಯನ್ನು ಒಳಗೆ ತನ್ನಿ, 5ಕ್ಕೆ ಬಂದರೆ ಎಂಟು ಹೆದರಿಸುವುದಿಲ್ಲ.

ರಸ್ತೆ ನಡುವೆ ಉಬ್ಬಿರುತ್ತದೆ, ನೀರು ಹರಿಯಲಿ ಅಂತ. ಎಡ ಅಂಚಿನಿಂದ ಹೊರಟರೆ ಮೊದಲ ಅರ್ಧ ಸಣ್ಣ ಏರು, ನಂತರದ್ದು ಇಳಿಜಾರು. ಏರಿನಲ್ಲಿ ಎಂಜಿನ್ ಬಂದ್ ಬೀಳುವ ಭಯ, ಇಳಿಜಾರಿನಲ್ಲಿ ಗಾಡಿ ಓಡಿಬಿಡುವ ಭಯ. ನಡುರಸ್ತೆ ದಾಟಿದ ಕೂಡಲೇ ಹಿಂದಿನ ಬ್ರೇಕ್ ಇನ್ನೊಂಚೂರು ಒತ್ತಿದರೆ ಆ ಕಡೆಯ ಚರಂಡಿ ದೂರವೇ ಉಳಿಯುತ್ತದೆ.

ಅಂಚಿನ ಮರಳಿನ ಬಗ್ಗೆ ಎಚ್ಚರ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ನಿಂದ ಬಿದ್ದ ಕಬ್ಬು, ರವದಿ (ಕಬ್ಬಿನ ಒಣ ಗರಿ) ರಸ್ತೆಯ ಮೇಲೇ ಇರುತ್ತವೆ. ಮಳೆ ಬಂದರೆ ಹೊಲದಿಂದ ಚಕ್ರಕ್ಕೆ ಮೆತ್ತಿಕೊಂಡು ಬಂದ ಎರೆಮಣ್ಣು ಡಾಂಬರಿನ ಮೇಲೆ ಸೋಪಿನಂತೆ ಜಾರುತ್ತದೆ. ಅಂಥ ಕಡೆ ಅಭ್ಯಾಸ ಬೇಡವೇ ಬೇಡ.

ತಿರುಗುವ ಮೊದಲು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಕೊನೆಗೆ ಬಲ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿ. ಖಾಲಿ ರಸ್ತೆಯಲ್ಲೂ ಇದನ್ನು ಬಿಡಬೇಡಿ. ಟೆಸ್ಟಿನಲ್ಲಿ ಸಾಹೇಬರು ಕಾಲನ್ನಷ್ಟೇ ನೋಡುವುದಿಲ್ಲ.

ಬಲ, ಎಡ ಎರಡೂ ಕೂಡಿಬಂದ ಮೇಲೆ ಎಂಟು ಹಾಕಿ. ಎಡಕ್ಕೆ ತಿರುಗುವಾಗ ಕೈಗಳ ಕಥೆ ಉಲ್ಟಾ: ಎಡಗೈ ಹೊಟ್ಟೆ ಹತ್ತಿರ, ಕ್ಲಚ್ ಸುಲಭ, ಎಕ್ಸಲೇಟರ್ ಕೈ ದೂರ. ಹಾಗಾಗಿ ಎಡ ಸುತ್ತು ಬೇಗ ಬರುತ್ತದೆ, ಬಲ ಸುತ್ತಿಗೆ ಹೆಚ್ಚು ಹೊತ್ತು ಕೊಡಿ. ಎಂಟರ ನಡುವಿನ ಜೋಡಣೆಯಲ್ಲಿ ಒಂದು ಸುತ್ತಿನಿಂದ ನೇರ ಇನ್ನೊಂದಕ್ಕೆ ಹ್ಯಾಂಡಲ್ ಎಳೆಯಬೇಡಿ. ಒಂದು ಗಾಡಿ ಉದ್ದದಷ್ಟು ನೇರ ಹೋಗಿ, ಆ ಹೊತ್ತಲ್ಲೇ ತಲೆಯನ್ನು ಮುಂದಿನ ಸುತ್ತಿನ ಕಡೆ ತಿರುಗಿಸಿ, ಭಾರವನ್ನು ಇನ್ನೊಂದು ತೊಡೆಗೆ ಬದಲಿಸಿ, ಹ್ಯಾಂಡಲ್ ಕೊನೆಗೆ ತಿರುಗಲಿ. ಎಕ್ಸಲೇಟರ್ ಮಾತ್ರ ಇಡೀ ಎಂಟಿಗೂ ಒಂದೇ ಸಮ.